ನೀಲಿ ಮುಚ್ಚಳದ ಪುಡಿ

ಹಂದಿ ಫಾರಮಿನಲ್ಲಿ ಅವಳನ್ನು ಎಲ್ಲರೂ ಸೂಲಗಿತ್ತಿ ಎಂದೇ ಕರೆಯುತ್ತಿದ್ದರು. ಮೊದಮೊದಲು ಅದು ಗೇಲಿಯ ಮಾತು. ಹೆರಿಗೆ ಶೆಡ್ಡಿನಲ್ಲಿ ತೊಟ್ಟಿ ತೊಳೆಯಲು ಬಂದ ಹೆಂಗಸು ಅವಳು. ಒಮ್ಮೆ ಪಶುವೈದ್ಯರು ಬರುವುದು ತಡವಾದಾಗ ತೋಳಿಗೆ ಸೋಪು ಬಳಿದುಕೊಂಡು, ನೋಯುತ್ತಿದ್ದ ಹಂದಿಯ ಒಳಗೆ ಕೈ ಹಾಕಿ, ಅಡ್ಡಡ್ಡ ಸಿಕ್ಕಿಕೊಂಡಿದ್ದ ಮರಿಯನ್ನು ಹೊರಗೆಳೆದಳು. ಅದರ ಬೆನ್ನಿಗೇ ಮಿಕ್ಕ ಮರಿಗಳೂ ಒಂದೊಂದಾಗಿ ಜಾರಿ ಬಂದವು. ಅಲ್ಲಿಂದ ಮುಂದೆ ಗೇಲಿ ಹೋಯಿತು, ಹೆಸರು ಉಳಿಯಿತು. ವೈದ್ಯರೇ ಎಷ್ಟೋ ಸಲ ಅವಳನ್ನು ಕರೆದು, "ಕೈ ಹಾಕಿ ನೋಡಮ್ಮ, ಇನ್ನೂ ಇದೆಯಾ ಒಳಗೆ?" ಎಂದು ಕೇಳುತ್ತಿದ್ದರು. ಹೊಗಳಿಕೆಯಿಂದ ಹೊಟ್ಟೆ ತುಂಬುವುದಿಲ್ಲ ಎನ್ನುತ್ತಾರೆ, ನಿಜ. ತಲೆಯಂತೂ ತುಂಬುತ್ತದೆ. ಬಸಿರಿನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ಅವಳಿಗೆ ಅನ್ನಿಸತೊಡಗಿದ್ದು ಹಾಗೆ.

ಅವಳ ಒಬ್ಬನೇ ಮಗನೂ ಅಲ್ಲೇ ಕೆಲಸಕ್ಕಿದ್ದ. ಮೇವಿನ ಕೋಣೆ ಅವನ ರಾಜ್ಯ. ಮುಸುಕಿನ ಜೋಳದ ನುಚ್ಚು, ಸೋಯಾ ಹಿಂಡಿ, ಉಪ್ಪು, ಸುಣ್ಣ ಎಲ್ಲವನ್ನೂ ತೂಗಿ ಯಂತ್ರಕ್ಕೆ ಸುರಿಯುವವನು ಅವನೇ. ಚಿಟಿಕೆ ಹೆಚ್ಚಾದರೂ ತೆಗೆದು ಮತ್ತೆ ತೂಗುತ್ತಿದ್ದ. ಅದಕ್ಕೇ ಅವನಿಗೆ ತಕ್ಕಡಿ ಎಂಬ ಹೆಸರು ಬಿದ್ದಿತ್ತು. ಒಳ್ಳೆಯ ಹುಡುಗ, ದುಡಿಮೆಗಾರ. ಆದರೆ ಹಗೆ ಹಿಡಿದನೆಂದರೆ ಬಿಡುವವನಲ್ಲ. ಚಿಕ್ಕವನಿದ್ದಾಗ ತನ್ನ ಪೆನ್ಸಿಲ್ ಕದ್ದವನ ಊಟದ ಡಬ್ಬಿಗೆ ಮರಳು ಸುರಿದು ಬಂದು, ಅದನ್ನು ತಾಯಿಗೆ ನಗುನಗುತ್ತಾ ಹೇಳಿದ್ದ. ತಾಯಿಯೂ ನಕ್ಕಿದ್ದಳು.

ಆ ವರ್ಷ ಫಾರಮಿನ ಯಜಮಾನರು ಪಟ್ಟಣದಿಂದ ಒಬ್ಬ ಮೇವಿನ ಡಾಕ್ಟರಮ್ಮನನ್ನು ಕರೆಸಿದರು. ಮರಿಗಳು ಕಡಿಮೆಯಾಗುತ್ತಿದ್ದವು. ಹುಟ್ಟಿದವುಗಳ ಜೊತೆ ಒಣಗಿದ ಕಪ್ಪು ಗಂಟಿನಂಥವೂ ಬೀಳುತ್ತಿದ್ದವು. ಒಳಗೇ ಸತ್ತು, ಒಳಗೇ ಬಾಡಿದವು. ಡಾಕ್ಟರಮ್ಮ ಶೆಡ್ಡಿನ ಉದ್ದಕ್ಕೂ ನಡೆದು, ಹಂದಿಗಳ ಬೆನ್ನು ಒತ್ತಿ ನೋಡಿ, ಎಲ್ಲರನ್ನೂ ಮೇವಿನ ಕೋಣೆಗೆ ಕರೆದಳು.

"ನೀವು ಜೋಳ ಸುರಿದು ಸುರಿದು ದಪ್ಪ ಮಾಡಿದ್ದೀರಿ. ದಪ್ಪ ಇರೋದೆಲ್ಲ ಗಟ್ಟಿ ಅಲ್ಲ," ಎಂದಳು. "ಮರಿ ಕಟ್ಟೋದಕ್ಕೆ ಅಮೈನೋ ಆಮ್ಲ ಬೇಕು. ಗೋಡೆ ಕಟ್ಟೋವಾಗ ಮೂಲೆಕಲ್ಲು ಮುಗಿದುಹೋದ್ರೆ, ಮಿಕ್ಕ ಕಲ್ಲು ರಾಶಿ ಬಿದ್ದಿದ್ರೂ ಗೋಡೆ ಮೇಲೇಳಲ್ಲ. ಲೈಸಿನ್ ಅನ್ನೋದು ಅಂಥದ್ದು. ಮೇವಿನಲ್ಲಿ ಸಿಗಲಿಲ್ಲ ಅಂದ್ರೆ ತಾಯಿ ತನ್ನ ಮೈಮಾಂಸಾನೇ ಕರಗಿಸಿ ಹೊಟ್ಟೆಯಲ್ಲಿರೋದಕ್ಕೆ ಕೊಡುತ್ತೆ."

ಆಮೇಲೆ ನೀಲಿ ಮುಚ್ಚಳದ ಒಂದು ಡ್ರಮ್ ತೆರೆಸಿ ತೋರಿಸಿದಳು. ಒಳಗೆ ಬಿಳಿ ಪುಡಿ. "ಇದು ಆರ್ಜಿನಿನ್. ಇದೂ ಅಮೈನೋ ಆಮ್ಲವೇ. ಗಬ್ಬ ನಿಂತ ಹೊಸದರಲ್ಲಿ ಕೊಟ್ರೆ ಮಾಸಿಗೆ ರಕ್ತ ಚೆನ್ನಾಗಿ ಹರಿಯುತ್ತೆ. ಮಾಸು ಬಲವಾಗಿದ್ರೆ ಒಳಗೇ ಕರಗಿಹೋಗೋ ಮರಿಗಳು ಕಡಿಮೆ ಆಗ್ತವೆ. ಆದ್ರೆ ನಾನು ಹೇಳಿದಷ್ಟೇ ಹಾಕಬೇಕು. ಒಂದು ಹೆಚ್ಚಾದ್ರೆ ಇನ್ನೊಂದರ ದಾರಿಗೆ ಅಡ್ಡ ನಿಲ್ಲುತ್ತೆ. ಇದು ಹಂದಿಯ ತೂಕಕ್ಕೆ, ಹಂದಿಯ ಮೇವಿಗೆ ಹಾಕಿದ ಲೆಕ್ಕ. ಅತಿಯಾದ್ರೆ ಅಮೃತವೂ ವಿಷ."

ಈ ಕೊನೆಯ ಮಾತು ಸೂಲಗಿತ್ತಿಯ ಕಿವಿಗೆ ಬೀಳಲಿಲ್ಲ. ಅಷ್ಟು ಹೊತ್ತಿಗೆ ಅವಳ ಮನಸ್ಸು ಮನೆ ಸೇರಿತ್ತು. ಒಳಗೇ ಕರಗಿಹೋಗುವ ಮರಿಗಳು ಎಂದಾಗಲೇ ಅವಳ ಕಣ್ಣ ಮುಂದೆ ಸೊಸೆ ಬಂದು ನಿಂತಿದ್ದಳು.

ಸೊಸೆಗೆ ಎರಡು ಸಲ ಬಸಿರು ಹೋಗಿತ್ತು. ಎರಡೂ ಸಲ ಮೂರು ತಿಂಗಳು ತುಂಬುವ ಮೊದಲೇ. ಅವಳು ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ತಲೆ ಬಗ್ಗಿಸಿ ಕುಳಿತು, ಮನೆಗೆ ಬಂದ ಮೇಲೂ ತಲೆ ಬಗ್ಗಿಸಿಯೇ ಇರುತ್ತಿದ್ದಳು. ಕೇಳಿದ್ದಕ್ಕೆ ಉತ್ತರ, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಎರಡನೆಯ ಸಲ ಆಸ್ಪತ್ರೆಯ ಡಾಕ್ಟರ್, "ಕೆಲವರಿಗೆ ಹೀಗಾಗುತ್ತೆ, ಮತ್ತೆ ಆಗುತ್ತೆ ಬಿಡಿ," ಎಂದಿದ್ದರು. "ಹೀಗಾಗುತ್ತೆ ಅನ್ನೋಕೆ ಡಾಕ್ಟರೇ ಬೇಕಾ? ನಮ್ಮ ಶೆಡ್ಡಿನ ಗೋಡೇನೂ ಹೇಳುತ್ತೆ," ಎಂದು ಸೂಲಗಿತ್ತಿ ದಾರಿಯುದ್ದಕ್ಕೂ ಬೈದಿದ್ದಳು. ಮೂರನೆಯ ಬಸಿರು ಇನ್ನೂ ನಿಂತಿರಲಿಲ್ಲ. ಅದೂ ಹೋದರೆ ಆ ಹುಡುಗಿ ಉಳಿಯುವುದಿಲ್ಲ ಎಂದು ಅತ್ತೆಗೆ ಒಳಗೊಳಗೇ ಭಯವಿತ್ತು. ಬಾಯಿ ಬಿಟ್ಟು ಅಳುವವರ ಬಗ್ಗೆ ಅವಳಿಗೆ ಇಂಥ ಭಯವಾಗುತ್ತಿರಲಿಲ್ಲ.

ಪುಡಿ ತಿಂದ ಹಂದಿಗಳು ಈಯುವ ಕಾಲ ಬಂತು. ಅದೇ ಹೊತ್ತಿಗೆ ಸೊಸೆಗೆ ಮೂರನೆಯ ಸಲ ಬಸಿರು ನಿಂತಿತು. ಸೂಲಗಿತ್ತಿಯೇ ಒಂದೊಂದು ಮರಿಯನ್ನೂ ಕೈಯಾರೆ ಹಿಡಿದು, ಮೂಗು ಒರೆಸಿ, ಬಲ್ಬಿನ ಕಾವಿಗೆ ಇಟ್ಟಳು. ಕಪ್ಪು ಗಂಟುಗಳು ಬೀಳುವುದು ಹೆಚ್ಚೂ ಕಡಿಮೆ ನಿಂತೇ ಹೋಗಿತ್ತು. ಮಾಸು ಕೈಗೆ ದಪ್ಪಗೆ, ಕೆಂಪಗೆ, ತುಂಬಿಕೊಂಡು ಬರುತ್ತಿತ್ತು. ಇದನ್ನು ಕಂಡಮೇಲೆ ಅವಳಿಗೆ ಇನ್ನೇನೂ ಬೇಕಾಗಲಿಲ್ಲ. ಹಂದಿಯ ಬಸಿರೂ ಬಸಿರೇ, ಹೆಣ್ಣಿನ ಬಸಿರೂ ಬಸಿರೇ. ದೇವರು ಎರಡಕ್ಕೂ ಒಂದೇ ಮಣ್ಣು ಕಲಸಿದ್ದಾನೆ ಎಂದುಕೊಂಡಳು.

ಮಧ್ಯಾಹ್ನದ ಊಟಕ್ಕೆ ಮಗ ಕೈ ತೊಳೆಯಲು ಹೋದಾಗ ಅವಳು ಊಟದ ಡಬ್ಬಿಯ ಮೇಲಿನ ಬಟ್ಟಲನ್ನು ನೀಲಿ ಮುಚ್ಚಳದ ಡ್ರಮ್ಮಿಗೆ ಅದ್ದಿದಳು. ಮಗನನ್ನು ಕೇಳಬಹುದಿತ್ತು. ಆದರೆ ತಕ್ಕಡಿ ಡಾಕ್ಟರಮ್ಮ ಹೇಳದೆ ಒಂದು ಕಾಳು ಅಲುಗಿಸುವವನಲ್ಲ. ಹೆಂಡತಿಗೆ ಹಂದಿಯ ಪುಡಿಯೇ ಎಂದು ಎಗರಾಡುತ್ತಾನೆ. ಹೆತ್ತ ಮಗನ ಕೋಣೆಯಿಂದ ತೆಗೆದುಕೊಂಡರೆ ಅದು ಕಳ್ಳತನವೇ? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವಾಗ ಹೀಗೇ ಯೋಚಿಸುತ್ತದೆ.

ಮನೆಯಲ್ಲಿ ಅದನ್ನು ಒಂದು ತಗಡಿನ ಡಬ್ಬಿಗೆ ಹಾಕಿ, ದಿನಾ ಬೆಳಿಗ್ಗೆ ಬಿಸಿ ಹಾಲಿಗೆ ಒಂದು ಚಮಚ ಕದಡಿ ಸೊಸೆಯ ಮುಂದೆ ಹಿಡಿದಳು.

"ಏನತ್ತೆ ಇದು?"

"ಶಕ್ತಿ ಪುಡಿ ಕಣೇ. ಔಷಧಿ ಅಂಗಡಿಯವನು ಕೊಟ್ಟ. ಮೂಗು ಹಿಡ್ಕೊಂಡು ಕುಡಿದುಬಿಡು."

ಸೊಸೆ ಲೋಟದ ಒಳಗೆ ನೋಡಿದಳು, ಅತ್ತೆಯ ಮುಖ ನೋಡಿದಳು, ಕುಡಿದಳು. ಕಹಿಗೆ ಮುಖ ಕಿವುಚಿಕೊಂಡಿತು. ಮರುದಿನವೂ ಕುಡಿದಳು. ಕೆಲವು ದಿನ ಕಳೆಯುವಷ್ಟರಲ್ಲಿ ಅವಳ ಕೆನ್ನೆಗೆ ಬಣ್ಣ ಬಂದಿದೆ ಎಂದು ಸೂಲಗಿತ್ತಿಗೆ ಅನ್ನಿಸಿತು. ಬಂದಿತ್ತೋ ಇಲ್ಲವೋ ಯಾರಿಗೆ ಗೊತ್ತು. ಕಾಣಬೇಕೆಂದವರಿಗೆ ಕಾಣುತ್ತದೆ.

ಡಬ್ಬಿ ತಾನೆಣಿಸಿದ್ದಕ್ಕಿಂತ ಬೇಗ ಖಾಲಿಯಾಗುತ್ತಿತ್ತು. ನನ್ನ ಕೈಯೇ ದೊಡ್ಡದು ಎಂದುಕೊಂಡು ಸೂಲಗಿತ್ತಿ ಮತ್ತೆ ತುಂಬಿಸಿದಳು, ಮತ್ತೂ ತುಂಬಿಸಿದಳು.

ಒಂದು ಸಂಜೆ ಮಗ ಊಟಕ್ಕೆ ಕುಳಿತವನು ಅನ್ನ ಮುಟ್ಟದೆ ತಟ್ಟೆಯನ್ನೇ ನೋಡುತ್ತಿದ್ದ.

"ಅಮ್ಮಾ, ನನ್ನ ಕೋಣೆಗೆ ಕಳ್ಳ ನುಗ್ಗಿದ್ದಾನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸೂಲಗಿತ್ತಿಯ ಕೈ ತಾನಾಗಿ ಸೆರಗಿನ ಅಂಚಿಗೆ ಹೋಯಿತು. "ಏನು ಹೋಗಿದೆಯೋ?"

"ಅಮೈನೋ ಪುಡಿ. ನಾನು ತೂಗದೆ ಮುಚ್ಚಳ ಹಾಕಲ್ಲ, ನಿಂಗೊತ್ತಲ್ಲ. ದಿನ ಬಿಟ್ಟು ದಿನ ತೂಕ ಇಳೀತಿದೆ. ಪಕ್ಕದ ಫಾರಮಿನೋರು ನಮ್ಮೋರಲ್ಲೇ ಯಾರನ್ನೋ ಹಿಡ್ಕೊಂಡಿದ್ದಾರೆ. ನಮ್ಮ ಪುಡಿ ಅವರ ಹಂದಿಗಳಿಗೆ ಹೋಗ್ತಿದೆ. ಯಜಮಾನ್ರು ನನ್ನನ್ನೇ ಕೇಳ್ತಾರೆ, ತಕ್ಕಡೀನೇ ಕಳ್ಳ ಆದ್ನಾ ಅಂತ."

"ಇಲಿಗಿಲಿ ತಿಂದಿರಬೇಕು ಬಿಡೋ."

"ಮುಚ್ಚಳ ತೆಗೆದು ತಿಂದು, ಮತ್ತೆ ಮುಚ್ಚಿಟ್ಟು ಹೋಗೋ ಇಲಿಯಾ?" ಅವನು ನಕ್ಕ. ಒಳ್ಳೆಯ ನಗುವಲ್ಲ. "ಇರ್ಲಿ. ಅವನಿಗೆ ನಾನೊಂದು ಮದ್ದು ಮಾಡಿದ್ದೀನಿ."

ಏನು ಮದ್ದು ಎಂದು ಆ ಗಳಿಗೆಯಲ್ಲಿ ಕೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಕೇಳಲಿಲ್ಲ. ಬೀಗ ಹಾಕಿರಬೇಕು, ಇಲ್ಲವೇ ಯಾರನ್ನಾದರೂ ಕಾವಲಿಗೆ ನಿಲ್ಲಿಸಿರಬೇಕು ಎಂದುಕೊಂಡಳು. ತಾನು ಸಿಕ್ಕಿಬಿದ್ದರೆ ಮಾನ ಹೋಗುತ್ತದೆ ಎಂಬ ಒಂದೇ ಭಯ ಅವಳ ಎದೆಯಲ್ಲಿ ಕುಳಿತಿತ್ತು. ಮರುದಿನ ನೋಡಿದರೆ ಬೀಗವೂ ಇಲ್ಲ, ಕಾವಲೂ ಇಲ್ಲ, ನೀಲಿ ಮುಚ್ಚಳದ ಡ್ರಮ್ ಎಂದಿನ ಜಾಗದಲ್ಲೇ ಇತ್ತು. ಇದೊಂದೇ ಸಲ, ಆಮೇಲೆ ಈ ಕಡೆ ತಲೆ ಹಾಕುವುದಿಲ್ಲ ಎಂದು ಬಟ್ಟಲಿನ ಜೊತೆಗೆ ಊಟದ ಡಬ್ಬಿಯನ್ನೂ ತುಂಬಿಕೊಂಡಳು.

ಆ ಪುಡಿ ಹಾಲಿನಲ್ಲಿ ಕರಗಲಿಲ್ಲ. ಎಷ್ಟು ತಿರುವಿದರೂ ಲೋಟದ ತಳಕ್ಕೆ ಬಿಳಿಯಾಗಿ ಕೂರುತ್ತಿತ್ತು. ಸೂಲಗಿತ್ತಿ ಬೆರಳಿನಿಂದ ಬಳಿದು ನೋಡಿದಳು, ನುಣುಪಾಗಿತ್ತು. ಹೊಸ ಮೂಟೆಯದಿರಬೇಕು, ಒಂದೊಂದು ಕಂಪನಿಯದು ಒಂದೊಂದು ಥರ ಎಂದು ತನಗೆ ತಾನೇ ಹೇಳಿಕೊಂಡಳು. ಇಂಥ ಸಮಾಧಾನ ಹೇಳುವುದರಲ್ಲಿ ನಮ್ಮನ್ನು ಮೀರಿಸಿದ ವಕೀಲರಿಲ್ಲ.

"ಈಗ ಕಹಿ ಇಲ್ಲತ್ತೆ," ಎಂದಳು ಸೊಸೆ.

"ಒಳ್ಳೇದಾಯ್ತಲ್ಲ. ತಳದ್ದನ್ನ ಬಿಡಬೇಡ, ಸ್ವಲ್ಪ ಹಾಲು ಹಾಕ್ತೀನಿ, ಕದಡಿ ಕುಡಿ."

ಸೊಸೆ ಕದಡಿ ಕುಡಿದಳು.

ನಾಲ್ಕಾರು ದಿನಕ್ಕೆ ವಾಂತಿ ಹಿಡಿಯಿತು. ಸೂಲಗಿತ್ತಿಗೆ ಹಿಗ್ಗೋ ಹಿಗ್ಗು. ಹಿಂದಿನ ಎರಡು ಸಲವೂ ವಾಂತಿಯೇ ಆಗಿರಲಿಲ್ಲ. ಹೊಟ್ಟೆ ತೊಳಸಿದರೆ ಬಸಿರು ಗಟ್ಟಿ ಎಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. ಆಮೇಲೆ ಹುಡುಗಿಗೆ ತಲೆ ಸುತ್ತತೊಡಗಿತು. ಅಂಗಡಿಗೆ ಹೋದವಳು ಅರ್ಧ ದಿನಕ್ಕೇ ಗೋಡೆ ಹಿಡಿದುಕೊಂಡು ವಾಪಸು ಬಂದಳು. ಕೆಳಹೊಟ್ಟೆ ಹಿಂಡುತ್ತದೆ ಎಂದಳು. ಅವಳು ಬಾಯಿ ಬಿಟ್ಟು ನೋವು ಎಂದಳೆಂದರೆ ನೋವು ಎಷ್ಟಿರಬೇಕು! ಸೂಲಗಿತ್ತಿಯ ಹಿಗ್ಗು ಇಳಿಯಿತು. ಕದಡಿದ ಹಾಲಿನ ಬಿಳಿ ತಳ ಕಣ್ಣಿಗೆ ಕಟ್ಟಿತು.

ಮರುದಿನ ಅವಳು ಮೇವಿನ ಕೋಣೆಯ ಬಾಗಿಲಲ್ಲಿ ಹೋಗಿ ನಿಂತಳು. ಯಂತ್ರ ತಿರುಗುತ್ತಿತ್ತು, ಗಾಳಿಯ ತುಂಬ ಜೋಳದ ಧೂಳು. ಮಗ ಮೂಗಿಗೆ ಬಟ್ಟೆ ಕಟ್ಟಿಕೊಂಡು ತೂಗುತ್ತಿದ್ದ. ಅವನ ಮುಂದೆ ಇದ್ದದ್ದು ಬೇರೆ ಡ್ರಮ್, ಕಂದು ಬಣ್ಣದ್ದು, ಮೇಲೆ ಸುಣ್ಣ ಎಂದು ಬರೆದಿತ್ತು. ನೀಲಿ ಮುಚ್ಚಳದ್ದನ್ನು ಅವನು ಮುಟ್ಟುತ್ತಲೇ ಇರಲಿಲ್ಲ.

"ಏನಮ್ಮಾ?"

ಬಿಸಿ ತುಪ್ಪ ಬಾಯಲ್ಲಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೆಲಸದವರಿಬ್ಬರು ಮೂಟೆ ಹೊತ್ತು ಒಳಗೆ ಬಂದರು. ಅವರ ಮುಂದೆ ಹೇಗೆ ಹೇಳುವುದು, ಕಳ್ಳಿ ನಾನೇ ಎಂದು? ಇಷ್ಟು ವರ್ಷ ಸೂಲಗಿತ್ತಿ ಎನಿಸಿಕೊಂಡ ಬಾಯಲ್ಲಿ?

"ಏನಿಲ್ಲ. ಬಕೆಟ್ ಬೇಕಿತ್ತು."

ಬಕೆಟ್ ಹಿಡಿದು ಶೆಡ್ಡಿಗೆ ಬಂದಳು. ಆ ದಿನ ಅವಳಿಗೆ ಯಾವ ಬಕೆಟ್ಟಿನ ಅಗತ್ಯವೂ ಇರಲಿಲ್ಲ. ಮರುದಿನ ಬೆಳಿಗ್ಗೆ ಹಾಲಿಗೆ ಪುಡಿ ಹಾಕಬೇಕೆಂದು ಕೈ ಹೋಯಿತು, ಹಿಂದೆ ಬಂತು. ನಿಲ್ಲಿಸಿದರೆ ಒಳಗಿನದು ಕರಗಿಬಿಟ್ಟರೆ? ಹಾಕಿದರೆ? ಕೊನೆಗೆ ಅರ್ಧ ಚಮಚ ಹಾಕಿದಳು. ಅರ್ಧ ಹಾಕಿದ್ದಕ್ಕೆ ತನ್ನನ್ನು ತಾನೇ ಜಾಣೆ ಎಂದುಕೊಂಡಳು.

ವಾರದ ರಜೆಯ ದಿನ ಮೂವರೂ ಮನೆಯಲ್ಲಿದ್ದರು. ಸೊಸೆ ಒಳಕೋಣೆಯಲ್ಲಿ ಮಲಗಿದ್ದಳು. ಮಧ್ಯಾಹ್ನದ ಬಿಸಿಲು ಅಡುಗೆಮನೆಯ ನೆಲದ ಮೇಲೆ ಬಿದ್ದಿತ್ತು. ಮಗ ಊಟ ಮಾಡುತ್ತಾ ಬಹಳ ಖುಷಿಯಲ್ಲಿದ್ದ.

"ಕಳ್ಳ ಬಲೆಗೆ ಬಿದ್ದ ಅಮ್ಮಾ. ನಿನ್ನೆ ನೀಲಿ ಮುಚ್ಚಳದ್ದನ್ನ ತೂಗಿ ನೋಡ್ದೆ, ಡಬ್ಬಿಗಟ್ಟಲೆ ಹೊತ್ಕೊಂಡು ಹೋಗಿದ್ದಾನೆ ಈ ಸಲ!"

"ಬಲೆ ಅಂದ್ರೆ?"

"ಅಸಲಿ ಪುಡಿ ಸುಣ್ಣದ ಡ್ರಮ್ಮಿಗೆ ಹೋಯ್ತು. ನೀಲಿ ಮುಚ್ಚಳದಲ್ಲಿ ಬೇರೆ ತುಂಬಿಟ್ಟೆ." ಅವನು ಬೆರಳು ನೆಕ್ಕಿದ. "ಮೂಲೇಲಿ ಆ ಹಳೇ ಮೂಟೆ ಇತ್ತಲ್ಲ, ಜಂತುಹುಳದ ಪುಡಿ. ಅದೂ ಬೆಳ್ಳಗೇ ಇದೆ. ಗಬ್ಬದ ಹಂದಿ ಹತ್ರ ಸುಳೀಬಾರದು ಅಂತ ಡಾಕ್ಟರಮ್ಮ ಬದಿಗಿಡಿಸಿದ್ಲು. ಕದ್ದೋನು ಯಾರ ಹಂದಿಗೆ ಹಾಕ್ತಾನೋ ಹಾಕ್ಲಿ. ಆ ಹಂದೀಲಿ ಗಬ್ಬ ನಿಲ್ಲಬಾರದು, ನಿಂತ್ರೂ ನೆಟ್ಟಗೆ ಹುಟ್ಟಬಾರದು. ಆಮೇಲೆ ಬುದ್ಧಿ ಬರುತ್ತೆ."

ಸೂಲಗಿತ್ತಿಯ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಮುಳುಗಿಹೋಯಿತು. ಮಗ ಇನ್ನೂ ನಗುತ್ತಲೇ ಇದ್ದ, ಇನ್ನಷ್ಟು ಸಾರು ಹಾಕೆಂದು ತಟ್ಟೆ ಮುಂದಕ್ಕೆ ಚಾಚಿದ. ಈಗಲೂ ಸುಮ್ಮನಿದ್ದುಬಿಡಬಹುದು ಎಂಬ ಯೋಚನೆ ಒಂದು ಕ್ಷಣ ಬಂದು ಹೋಯಿತು. ಆ ಕ್ಷಣಕ್ಕಾಗಿ ಅವಳು ತನ್ನನ್ನು ಯಾವತ್ತೂ ಕ್ಷಮಿಸಿಕೊಳ್ಳಲಿಲ್ಲ.

"ಎದ್ದೇಳೋ," ಎಂದಳು. "ಆಸ್ಪತ್ರೆಗೆ ಹೋಗಬೇಕು. ಆ ಕಳ್ಳ ನಾನೇ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಎಂಜಲು ಕೈಯಲ್ಲೇ ಒಳಕೋಣೆಗೆ ಓಡಿದ.

ಆಸ್ಪತ್ರೆಯ ಕೋಣೆ ಚಿಕ್ಕದು. ಒಂದು ಮಂಚ, ಒಂದು ಯಂತ್ರ, ಬಿಳಿ ಪರದೆ, ಫಿನಾಯಿಲಿನ ವಾಸನೆ. ಡಾಕ್ಟರ್ ನಡುವಯಸ್ಸಿನ ಹೆಂಗಸು. ಮಗ ಮೂಟೆಯ ಮೇಲಿದ್ದ ಹೆಸರು ಹೇಳಿದಾಗ ಅವಳ ಹುಬ್ಬು ಗಂಟಾಯಿತು.

"ಎಷ್ಟು ಕೊಟ್ರಿ?"

"ದಿನಾ ಬೆಳಿಗ್ಗೆ ಒಂದು ಚಮಚ ತಾಯಿ," ಎಂದಳು ಸೂಲಗಿತ್ತಿ. "ಆಮೇಲಾಮೇಲೆ ಅರ್ಧ. ಅಷ್ಟೇ. ನನ್ನ ಮೊಮ್ಮಗೂನಾ ನಾನೇ ಯಾಕೆ..."

"ಅಷ್ಟೇ ಅಲ್ಲ," ಎಂದಳು ಮಂಚದ ಮೇಲಿದ್ದವಳು.

ಎಲ್ಲರೂ ಅತ್ತ ತಿರುಗಿದರು. ಸೊಸೆ ಚಾವಣಿಯನ್ನು ನೋಡುತ್ತಿದ್ದಳು. ಅವಳು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದನ್ನು ಆ ಮನೆಯವರು ಅದುವರೆಗೆ ಕೇಳಿರಲಿಲ್ಲ.

"ನೀವು ಕೆಲಸಕ್ಕೆ ಹೋದ್ಮೇಲೆ ನಾನೂ ಹಾಕ್ಕೋತಿದ್ದೆ ಅತ್ತೆ. ಒಂದು ಚಮಚ, ಕೆಲವು ದಿನ ಎರಡು. ಡಬ್ಬಿ ಎಲ್ಲಿಡ್ತೀರಿ ಅಂತ ಗೊತ್ತಿತ್ತು. ಔಷಧಿ ಅಂಗಡೀದಲ್ಲ ಅಂತಾನೂ ಗೊತ್ತಿತ್ತು. ಇವರ ಅಂಗೀಲಿ ಬರೋ ವಾಸನೇನೇ ಅದರಲ್ಲೂ ಬರ್ತಿತ್ತು. ಹಂದಿ ಮರಿಗಳು ಉಳೀತಿವೆ ಅಂತ ನೀವಿಬ್ರೂ ದಿನಾ ಮಾತಾಡ್ತಿದ್ರಲ್ಲ. ಉಳಿದ್ರೆ ಸಾಕು, ಹಂದೀದಾದ್ರೇನು ಅಂದ್ಕೊಂಡೆ. ಹೊಟ್ಟೆ ಹಿಂಡಿದಾಗ ಸಾಲ್ತಿಲ್ಲ ಅಂತ ಇನ್ನೊಂದು ಚಮಚ ಹಾಕ್ಕೊಂಡೆ."

ಮಗ ಗೋಡೆಗೆ ಒರಗಿ ನಿಂತಿದ್ದವನು ಹಾಗೇ ಜಾರಿ ನೆಲಕ್ಕೆ ಕುಳಿತ. ಡಾಕ್ಟರ್ ಯಂತ್ರದ ಹಿಡಿಯನ್ನು ಹುಡುಗಿಯ ಹೊಟ್ಟೆಯ ಮೇಲೆ ಆಡಿಸಿದಳು. ಬಹಳ ಹೊತ್ತು ಗರಗರ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಅದರ ನಡುವಿನಿಂದ ಟಕಟಕ, ಟಕಟಕ, ಅವಸರದ ಒಂದು ಬಡಿತ ಕೇಳಿಸಿತು.

"ಜೀವ ಇದೆ," ಎಂದಳು ಡಾಕ್ಟರ್. ಯಾರೂ ಉಸಿರು ಬಿಡುವ ಮೊದಲೇ ಮುಂದುವರಿಸಿದಳು. "ಆದ್ರೆ ಈ ಪುಡಿ ಹೊಟ್ಟೆಗೆ ಹೋಗಿರೋದು ಮಗುವಿನ ಕೈಕಾಲು, ಬೆನ್ನು ಎಲ್ಲ ಮೂಡೋ ಕಾಲದಲ್ಲಿ. ಏನಾಗಿದೆ ಅಂತ ಈಗಲೇ ಹೇಳೋಕಾಗಲ್ಲ. ಏನೂ ಆಗದೇನೂ ಇರಬಹುದು. ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ, ಇನ್ನಷ್ಟು ಬೆಳೆದ್ಮೇಲೆ ಅಲ್ಲಿ ನೋಡ್ತಾರೆ. ಅಲ್ಲೀವರೆಗೂ ಕಾಯಬೇಕು."

ಅವಳು ಚೀಟಿ ಬರೆಯಲು ಪರದೆಯಾಚೆ ಹೋದಳು. ಮೂವರೇ ಉಳಿದರು. ಸೊಸೆ ನಿಧಾನವಾಗಿ ಕತ್ತು ಹೊರಳಿಸಿ, ಅತ್ತೆಯ ಕೈ ಹುಡುಕಿ ಹಿಡಿದುಕೊಂಡಳು. ಆ ಹಿಡಿತದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸೂಲಗಿತ್ತಿ ತಡೆದುಕೊಳ್ಳುತ್ತಿದ್ದಳು.

"ಅತ್ತೆ, ಡಾಕ್ಟರಿಗೆ ಗೊತ್ತಿಲ್ಲ. ನಿಮಗೆ ಗೊತ್ತಿರುತ್ತೆ. ಮೊದಲು ಯಾವತ್ತಾದ್ರೂ ಗಬ್ಬದ ಹಂದಿ ಆ ಪುಡಿ ತಿಂದದ್ದು ಇದೆಯಾ? ಮರಿ ಹೇಗಿದ್ದವು?"

ಇತ್ತು. ಡಾಕ್ಟರಮ್ಮ ಬರುವುದಕ್ಕೂ ಎಷ್ಟೋ ಹಿಂದೆ, ಯಾರದೋ ಕೈತಪ್ಪಿನಿಂದ ಒಂದು ಹಂದಿಗೆ ಬಿದ್ದಿತ್ತು. ಆ ಮರಿಗಳೆಲ್ಲ ಜೀವಂತವಾಗಿಯೇ ಹುಟ್ಟಿದ್ದವು, ಆದರೆ ಒಂದರ ಕಾಲೂ ಬೆನ್ನೂ ನೆಟ್ಟಗಿರಲಿಲ್ಲ. ಯಾರ ಕಣ್ಣಿಗೂ ಬೀಳದಂತೆ ಅವುಗಳನ್ನು ಗೋಣಿಯಲ್ಲಿ ಸುತ್ತಿ, ಶೆಡ್ಡಿನ ಹಿಂದೆ ಗುಂಡಿ ತೋಡಿ ಹೂತವಳು ಸೂಲಗಿತ್ತಿಯೇ. ಮಗನಿಗೂ ಹೇಳಿರಲಿಲ್ಲ.

ನೆಲದ ಮೇಲೆ ಕುಳಿತಿದ್ದ ಮಗ ತಲೆ ಎತ್ತಿ ತಾಯಿಯ ಮುಖ ನೋಡಿದ.

"ಇದೆ ಕಣೇ," ಎಂದಳು ಅವಳು. "ಚೆನ್ನಾಗಿದ್ದವು. ಎಲ್ಲಾ ಚೆನ್ನಾಗಿದ್ದವು."

ಸೊಸೆ ನಂಬಿದಳು, ಎಷ್ಟೋ ದಿನಗಳ ಮೇಲೆ ಮೊದಲ ಸಲ ನಕ್ಕಳು.